ಊಟದ ಹಾಲ್‌ನಲ್ಲಿ ವಾಮನ ಮಾವನ ಪಿಯಾನೊ

ಬೇರೆಯವರು ಇಂಥ ವಿಷಯ ಹೇಳಲು ಶುರು ಮಾಡಿದರೆ ನಾನು ಮೊಬೈಲ್ ತೆಗೆದು ಅದರಲ್ಲಿ ಮುಖ ಹುದುಗಿಸಿಕೊಳ್ಳುತ್ತಿದ್ದೆ. ನಮ್ಮ ಕಡೆ ಇಂಥ ಕತೆ ಇಲ್ಲದ ಮನೆ ಇಲ್ಲ. ತೀರಿಹೋದವರಿಗೆ ಎಲೆ ಹಾಕಿ ಬಡಿಸಿ, ಕೋಣೆಯ ಬಾಗಿಲು ಎಳೆದು, ಹೊರಗೆ ಸ್ವಲ್ಪ ಹೊತ್ತು ಮಾತಾಡದೆ ಕೂರುವ ಕ್ರಮ ನಮ್ಮಲ್ಲೂ ಇತ್ತು. ಬಾಗಿಲು ತೆರೆದ ಮೇಲೆ ಅಜ್ಜಿ ಎಲೆಯ ಮೇಲೆ ಬಗ್ಗಿ, "ನೋಡು, ಅನ್ನ ಕೆದಕಿದ ಹಾಗೆ ಉಂಟು" ಅನ್ನುತ್ತಿದ್ದರು. ನನಗೆ ಅದು ಬಡಿಸಿದ ಹಾಗೆಯೇ ಕಾಣುತ್ತಿತ್ತು. ಮುಂದೆ ಭೌತಶಾಸ್ತ್ರ ಓದಿದೆ. ಮಣಿಪಾಲದ ಹತ್ತಿರದ ಒಂದು ಪಿಯು ಕಾಲೇಜಿನಲ್ಲಿ ಅದನ್ನೇ ಕಲಿಸುತ್ತಾ ಬಂದಿದ್ದೇನೆ. ಧ್ವನಿಯ ಪಾಠ ಮಾಡುವಾಗ ಪ್ರತಿಧ್ವನಿಯ ಬಗ್ಗೆ ಹೇಳಿ, "ಬಾವಿಯೊಳಗಿನ ಭೂತ ಅಂದ್ರೆ ಇಷ್ಟೇ" ಎಂದು ಮಕ್ಕಳನ್ನು ನಗಿಸಿದ್ದೂ ಉಂಟು.

ಆದ್ದರಿಂದ ಈಗ ನಾನು ಹೇಳಹೊರಟಿರುವುದನ್ನು ನೀವು ನಂಬಬೇಕೆಂದು ಕೇಳುವ ಹಕ್ಕು ನನಗಿಲ್ಲ. ನಡೆದದ್ದು ಕೆಲವು ವರ್ಷಗಳ ಹಿಂದೆ, ಮಟಮಟ ಮಧ್ಯಾಹ್ನ, ಹೆದ್ದಾರಿ ಬದಿಯ ಒಂದು ಹಾಲ್‌ನಲ್ಲಿ, ಊಟದ ಪಂಕ್ತಿಯ ನಡುವೆ. ಕತ್ತಲೆ ಇರಲಿಲ್ಲ, ನಾನು ಒಬ್ಬಳೇ ಇರಲಿಲ್ಲ. ಹಾಗಿದ್ದರೂ ಅದನ್ನು ಕಂಡವಳು ನಾನೊಬ್ಬಳೇ ಎಂಬಂತೆ ಆಗಿಹೋಗಿದೆ.

ವಾಮನ ಮಾವ ನನ್ನ ತಾಯಿಯ ತಮ್ಮ. ಮನೆ ಕಾಪುವಿನಲ್ಲಿ, ಸಮುದ್ರದ ಕಡೆ ಹೋಗುವ ಓಣಿಯಲ್ಲಿ. ಆ ಕಾಲದಲ್ಲಿ ನಮ್ಮ ಕಡೆಯ ಎಷ್ಟೋ ಹುಡುಗರು ಹೋದಂತೆ ಅವರೂ ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆ ಹೋದವರು. ಒಂದೆರಡು ಕಡೆ ಲೋಟ ತೊಳೆದು, ಕೊನೆಗೆ ಸಮುದ್ರಕ್ಕೆ ಮುಖ ಮಾಡಿದ ಒಂದು ದೊಡ್ಡ ಹೋಟೆಲಿನ ಊಟದ ಕೋಣೆಯಲ್ಲಿ ಮೇಜು ಒರೆಸುವ ಕೆಲಸಕ್ಕೆ ಸೇರಿದರು. ಅಲ್ಲಿ ಸಂಜೆ ಹೊತ್ತು ಗೋವೆಯ ಮುದುಕರೊಬ್ಬರು ಪಿಯಾನೊ ನುಡಿಸುತ್ತಿದ್ದರು. ಮಾವ ಅವರ ಬೆರಳುಗಳನ್ನೇ ನೋಡುತ್ತಾ ಒರೆಸಿದ ಮೇಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದುದನ್ನು ಕಂಡು ಆ ಮುದುಕರು, ಮಧ್ಯಾಹ್ನ ಕೋಣೆ ಖಾಲಿ ಇರುವಾಗ ಕೂತು ಕಲಿ ಎಂದರಂತೆ. ಹೀಗೆ ಕಲಿತರು. ಮುದುಕರು ಹಾಸಿಗೆ ಹಿಡಿದ ಮೇಲೆ ಆ ಆಸನದಲ್ಲಿ ಮಾವ ಕೂತರು. ಕಪ್ಪು ಕೋಟು ಹಾಕಿಕೊಂಡು ಸುಮಾರು ಮೂವತ್ತು ವರ್ಷ ಅಲ್ಲೇ ಕೂತರು.

ಊರಿನಲ್ಲಿ ಯಾರಿಗೂ ಇದು ಸರಿಯಾಗಿ ಅರ್ಥವಾಗಿರಲಿಲ್ಲ. ಅಜ್ಜಿ ಕೊನೆಯವರೆಗೂ ಕೇಳಿದವರಿಗೆಲ್ಲ, ಮಗ ಹೋಟೆಲಿನಲ್ಲಿ ಮ್ಯಾನೇಜರು ಎಂದೇ ಹೇಳಿದರು. ಮಾವ ತಿದ್ದಲಿಲ್ಲ.

"ನಾನು ನುಡಿಸುವಾಗ ಜನ ಸೂಪು ಕುಡೀತಾ ಇದ್ರು," ಎಂದು ಅವರು ನಗುತ್ತಾ ಹೇಳುತ್ತಿದ್ದರು. "ಇಷ್ಟು ವರ್ಷ ನಾನು ಚಮಚದ ಶಬ್ದಕ್ಕೆ ಪಕ್ಕವಾದ್ಯ ನುಡಿಸಿದ್ದು ಮಾರಾಯ್ತಿ."

ಅವರು ನಗುತ್ತಿದ್ದರು. ಅವರ ಹೆಂಡತಿ ಸುನಂದ ಅತ್ತೆ ಒಮ್ಮೆಯೂ ಈ ಮಾತಿಗೆ ನಕ್ಕದ್ದನ್ನು ನಾನು ಕಂಡಿಲ್ಲ. ಮಕ್ಕಳಿಲ್ಲದ ಅವರಿಬ್ಬರೂ ಊರಿಗೆ ಮರಳುವಾಗ ಲಾರಿಯಲ್ಲಿ ಒಂದು ಹಳೆಯ ಪಿಯಾನೊ ತಂದರು. ಕಾಪುವಿನ ಉಪ್ಪುಗಾಳಿಗೆ ಅದರ ತಂತಿಗಳು ಬೇಗನೆ ತುಕ್ಕು ಹಿಡಿದವು. ಕೆಲವು ಕೀಗಳು ಒತ್ತಿದರೆ ಮೇಲೆ ಬರುತ್ತಿರಲಿಲ್ಲ, ಮಾವ ಅವನ್ನು ಉಗುರಿನಿಂದ ಎತ್ತಿ ಮುಂದುವರಿಸುತ್ತಿದ್ದರು. ಉಡುಪಿಯಲ್ಲಿ ಒಂದಷ್ಟು ಕಾಲ ಮಕ್ಕಳಿಗೆ ಕೀಬೋರ್ಡ್ ಪಾಠ ಹೇಳಿದರು. ಸ್ಕೂಲ್ ಡೇಗೆ ಸಿನಿಮಾ ಹಾಡು ಕಲಿಸಿ ಎನ್ನುವ ತಂದೆತಾಯಿಯರ ಕಾಟಕ್ಕೆ ಅದನ್ನೂ ಬಿಟ್ಟರು.

ಅವರದೇ ಆದ ಕೆಲವು ರಚನೆಗಳಿದ್ದವು. ಹೋಟೆಲಿನ ಖಾಲಿ ಮಧ್ಯಾಹ್ನಗಳಲ್ಲಿ ಹುಟ್ಟಿದವು. ಅವುಗಳಲ್ಲಿ ಒಂದು ಬಹಳ ನಿಧಾನದ್ದು. ಅಜ್ಜಿ ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹೇಳುತ್ತಿದ್ದ ತುಳು ಹಾಡಿನ, ಪಾಡ್ದನದ ಎಳೆಯೊಂದು ಅದರೊಳಗೆ ಎಲ್ಲೋ ಇತ್ತು. ಅದಕ್ಕೆ ಅವರು ಹೆಸರಿಟ್ಟಿರಲಿಲ್ಲ. ಹೋಟೆಲಿನಲ್ಲಿ ಅದನ್ನು ಎಂದೂ ನುಡಿಸಲಿಲ್ಲವಂತೆ. "ಅದು ತಿನ್ನುವವರಿಗೆ ಅಲ್ಲ" ಅನ್ನುತ್ತಿದ್ದರು.

ಆಮೇಲೆ ಹೊಟ್ಟೆಯ ಕ್ಯಾನ್ಸರ್ ಆಯಿತು. ಗೊತ್ತಾಗುವಾಗಲೇ ತಡವಾಗಿತ್ತು. ಚಿಕಿತ್ಸೆಗೆ ಮಣಿಪಾಲಕ್ಕೆ ಬರಬೇಕಾದ್ದರಿಂದ ಮಾವ ಮತ್ತು ಅತ್ತೆ ಪರ್ಕಳದ ನನ್ನ ಬಾಡಿಗೆ ಮನೆಯಲ್ಲೇ ಉಳಿದುಕೊಂಡರು. ನಾನು ಮದುವೆಯಾಗದೆ ಉಳಿದವಳು, ಮನೆಯಲ್ಲಿ ಜಾಗ ಇತ್ತು. ವೈದ್ಯರು ಮುಚ್ಚುಮರೆ ಮಾಡಲಿಲ್ಲ. ಅವರು ಹೇಳಿದ್ದನ್ನು ಕೇಳಿ ಮನೆಗೆ ಬಂದ ಸಂಜೆ ಮಾವ ಜಗಲಿಯಲ್ಲಿ ಕೂತು, ಕೆಳಗಿನ ರಸ್ತೆಯಲ್ಲಿ ಹೋಗುವ ಬಸ್ಸುಗಳನ್ನು ನೋಡುತ್ತಾ ಇದ್ದಕ್ಕಿದ್ದಂತೆ ಅಂದರು.

"ನನಗೆ ಒಂದೇ ಆಸೆ ಉಂಟು. ಒಮ್ಮೆ ಜನ ಸುಮ್ಮನೆ ಕೂತು ಕೇಳ್ಬೇಕು. ಎಂತದೂ ತಿನ್ನದೆ."

ಇದು ನನ್ನ ದೊಡ್ಡಮ್ಮನ ಮಗ ಭಾಸ್ಕರಣ್ಣನ ಕಿವಿಗೆ ಬಿತ್ತು. ಭಾಸ್ಕರಣ್ಣನದು ಉಡುಪಿಯಲ್ಲಿ ಕೇಟರಿಂಗ್ ವ್ಯವಹಾರ. ಊರಿನ ಒಂದು ಕಲಾ ಸಂಘಕ್ಕೂ ಅವನೇ ಅಧ್ಯಕ್ಷ. ಕೆಟ್ಟವನಲ್ಲ. ಯಾರಿಗೆ ಏನೇ ಆದರೂ ಮೊದಲು ಓಡಿ ಬರುವವನು. "ನಮ್ಮ ಮಾವನಿಗೆ ನಾವಲ್ಲದೆ ಮತ್ತೆ ಯಾರು ಮಾಡುದು?" ಎಂದು ಹಾಲ್ ಹಿಡಿದ, ಆಮಂತ್ರಣ ಪತ್ರಿಕೆ ಹೊಡೆಸಿದ. ಪತ್ರಿಕೆ ಕೈಗೆ ಬಂದಾಗ ಅದು ಸಂಗೀತ ಕಛೇರಿಯಲ್ಲ, ಸನ್ಮಾನ ಸಮಾರಂಭ ಎಂದು ತಿಳಿಯಿತು. ಪಿಯಾನೊ ಎತ್ತಿ ತರುವುದು ಕಷ್ಟ ಎಂದು ವೇದಿಕೆಯ ಮೂಲೆಯಲ್ಲಿ ಕೀಬೋರ್ಡ್ ಇಟ್ಟಿದ್ದರು. ಅತಿಥಿಗಳು ತಡವಾಗಿ ಬಂದರು. ದೀಪ, ಸ್ವಾಗತ, ಪ್ರಸ್ತಾವನೆ, ಅಭಿನಂದನಾ ಭಾಷಣ, ಮತ್ತೊಬ್ಬರ ಅಭಿನಂದನಾ ಭಾಷಣ. ಒಬ್ಬ ಅತಿಥಿ ಮಾವನ ಬಗ್ಗೆ ಏನೂ ತಿಳಿಯದೆ ಸಂಗೀತದಿಂದ ಹಸು ಹೆಚ್ಚು ಹಾಲು ಕೊಡುತ್ತದೆ ಎಂಬುದರ ಬಗ್ಗೆ ಮಾತಾಡಿದರು. ಶಾಲು ಹೊದೆಸಿ, ತಲೆಗೆ ಪೇಟ ಇಟ್ಟು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟು ಫೋಟೊ ತೆಗೆದರು. ನೋವಿಗೆ ಮಾವನ ಹಣೆ ಬೆವರುತ್ತಿದ್ದುದು ನನಗೆ ಕಾಣುತ್ತಿತ್ತು.

ಅವರು ಕೀಬೋರ್ಡಿನ ಮುಂದೆ ಕೂತು ಎರಡು ನಿಮಿಷವೂ ಆಗಿರಲಿಲ್ಲ, ನಿರೂಪಕ ಮೈಕಿನಲ್ಲಿ ಪಿಸುದನಿಯಲ್ಲಿ, "ಊಟದ ವ್ಯವಸ್ಥೆ ಉಂಟು, ದಯವಿಟ್ಟು ಯಾರೂ ಊಟ ಮಾಡದೆ ಹೋಗಬಾರದು" ಎಂದ. ಕುರ್ಚಿಗಳು ಸರಿದ ಶಬ್ದ ಈಗಲೂ ನನ್ನ ಕಿವಿಯಲ್ಲಿ ಉಂಟು. ಖಾಲಿ ಕುರ್ಚಿಗಳಿಗೆ ಮಾವ ಕೊನೆಯವರೆಗೂ ನುಡಿಸಿದರು, ಪೇಟ ತೆಗೆಯದೆ.

ಹಿಂತಿರುಗುವಾಗ ಕಾರಿನಲ್ಲಿ ಕೇಳಿದೆ, "ಮಧ್ಯದಲ್ಲೇ ನಿಲ್ಲಿಸಬಹುದಿತ್ತಲ್ಲ ಮಾವ?"

"ನಿಲ್ಲಿಸ್ಲಿಕ್ಕೆ ನನಗೆ ಬರುದಿಲ್ಲ," ಎಂದರು. "ಕೈಗೆ ಅಭ್ಯಾಸ ಇಲ್ಲ."

ಫಿಲ್ಮ್ ಮಾಡುವ ಯೋಚನೆ ಅವರದೇ. ಜನ ಸಿಗದಿದ್ದರೆ ಬೇಡ, ಖಾಲಿ ಕೋಣೆಯಲ್ಲಿ ಸರಿಯಾದ ಪಿಯಾನೊದ ಮೇಲೆ ನುಡಿಸುತ್ತೇನೆ, ನೀನು ಯಾರಿಂದಲಾದರೂ ಚಿತ್ರೀಕರಿಸು, ಮುಂದೆ ಯಾರಾದರೂ ಕೂತು ನೋಡಿಯಾರು ಎಂದರು. ಅಲೆವೂರಿನಲ್ಲಿ ಮದುವೆ ವಿಡಿಯೊ ಮಾಡುವ ಸ್ಟುಡಿಯೊ ಇಟ್ಟುಕೊಂಡಿದ್ದ ಪ್ರವೀಣ ನನಗೆ ಪರಿಚಯ, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. ಕಾರ್ಕಳದ ಒಂದು ಹಳೆಯ ಕಾನ್ವೆಂಟ್ ಶಾಲೆಯ ಸಭಾಂಗಣದಲ್ಲಿ ಒಳ್ಳೆಯ ಪಿಯಾನೊ ಇರುವುದು ಮಾವನಿಗೆ ಗೊತ್ತಿತ್ತು. ಅಲ್ಲಿಯ ಸಿಸ್ಟರ್ ಒಬ್ಬರು ರಜೆಯ ದಿನ ಬಾಗಿಲು ತೆರೆದುಕೊಟ್ಟರು. ಮಂಗಳೂರಿನಿಂದ ಬಂದವರೊಬ್ಬರು ಹಿಂದಿನ ದಿನವೇ ಶ್ರುತಿ ಸರಿ ಮಾಡಿ ಹೋಗಿದ್ದರು.

ಒಂದು ವಿಷಯ ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಆ ಹೊತ್ತಿಗೆ ಮಾವನಿಗೆ ನಿಲ್ಲಲು ಆಗುತ್ತಿರಲಿಲ್ಲ. ಕಾಲುಗಳು ನೀರು ತುಂಬಿ ಊದಿಕೊಂಡಿದ್ದವು. ನಾನೂ ಪ್ರವೀಣನೂ ಅವರನ್ನು ಎತ್ತಿಯೇ ಪಿಯಾನೊದ ಮುಂದೆ ಕೂರಿಸಿದೆವು. ಬೆನ್ನಿಗೆ ಆಧಾರ ಬೇಕೆಂದು ಸ್ಟೂಲಿನ ಬದಲು ಬೆನ್ನಿರುವ ಕುರ್ಚಿ ಇಟ್ಟು, ಹಿಂದೆ ಎರಡು ದಿಂಬು ಸಿಕ್ಕಿಸಿದೆವು. ಮುಗಿದ ಮೇಲೆ ಎತ್ತಿಯೇ ಕಾರಿಗೆ ತಂದೆವು. ಒಂದು ಹೆಜ್ಜೆಯನ್ನೂ ಅವರು ಇಡಲಿಲ್ಲ.

ಪ್ರವೀಣನಿಗೆ ಉತ್ಸಾಹ. ಡ್ರೋನ್ ಹಾರಿಸಿ ಕಾರ್ಕಳದ ಬಂಡೆಗುಡ್ಡ ತೋರಿಸಿ ಶುರು ಮಾಡುವ, ನಡುನಡುವೆ ಸ್ಲೋ ಮೋಷನ್ ಹಾಕುವ ಎಂದ. ಮಾವ ತಲೆ ಅಲ್ಲಾಡಿಸಿದರು. "ಎಂತದೂ ಬೇಡ ಮಾರಾಯ. ನನ್ನ ಮುಖ, ನನ್ನ ಕೈ. ಅಷ್ಟು ಕಂಡ್ರೆ ಸಾಕು." ಹಾಗೆಯೇ ಎರಡು ಕ್ಯಾಮರಾ ಇಟ್ಟ, ಒಂದು ಪಕ್ಕದಿಂದ, ಕುರ್ಚಿಯೂ ಪಿಯಾನೊವೂ ಸೇರಿ ಮುಖ ಕಾಣುವಂತೆ, ಇನ್ನೊಂದು ಕೈಗೆ. ಹಿಂದೆ ಕಿಟಕಿಯ ಬಿಳಿ ಪರದೆ. ನಡುವೆ ಒಮ್ಮೆ ನೋವಿಗೆ ಔಷಧಿ ಕೊಟ್ಟು ಮಲಗಿಸಿ, ಮತ್ತೆ ಕೂರಿಸಿದೆವು. ಆ ನಿಧಾನದ ರಚನೆಯನ್ನು ಅವರು ಕೊನೆಗೆ ಇಟ್ಟುಕೊಂಡಿದ್ದರು. ಅದು ಮುಗಿದಾಗ ಅವರ ಕೈಗಳು ಕೀಗಳ ಮೇಲೆಯೇ ಉಳಿದವು, ತಲೆ ಸ್ವಲ್ಪ ಬಾಗಿತು. ಅಲ್ಲಿಗೆ ಚಿತ್ರ ನಿಧಾನವಾಗಿ ಕಪ್ಪಾಗುತ್ತದೆ. ಸಂಕಲನ ಮಾಡುವಾಗ ನಾನು ಪ್ರವೀಣನ ಪಕ್ಕದಲ್ಲೇ ಕೂತಿದ್ದೆ. ಆ ಫಿಲ್ಮಿನಲ್ಲಿ ಅವರು ಎಲ್ಲಿ ಉಸಿರು ಎಳೆದುಕೊಳ್ಳುತ್ತಾರೆ ಎಂಬುದು ಸಹ ನನಗೆ ಬಾಯಿಪಾಠ.

ಮಾವ ಅದನ್ನು ನನ್ನ ಮನೆಯ ಟಿವಿಯಲ್ಲಿ ಒಮ್ಮೆ ನೋಡಿದರು. "ಸರಿ ಉಂಟು" ಎಂದರು. ಸ್ವಲ್ಪ ದಿನದಲ್ಲೇ ಕಾಪುವಿಗೆ ಹೋಗಬೇಕೆಂದು ಹಟ ಮಾಡಿದರು. ಅಲ್ಲಿಯೇ ಒಂದು ಬೆಳಿಗ್ಗೆ, ಅತ್ತೆ ಗಂಜಿ ತರಲು ಒಳಗೆ ಹೋದಾಗ ತೀರಿಕೊಂಡರು.

ಉತ್ತರಕ್ರಿಯೆ ಉಚ್ಚಿಲದಲ್ಲಿ, ಹೆದ್ದಾರಿ ಬದಿಯ ಹಾಲ್‌ನಲ್ಲಿ. ಊಟ ಸಹಜವಾಗಿ ಭಾಸ್ಕರಣ್ಣನದೇ. ಹಿಂದಿನ ದಿನ ಫೋನು ಮಾಡಿ, ಊಟದ ಹಾಲ್‌ನಲ್ಲಿ ದೊಡ್ಡ ಪರದೆ ಹಾಕಿಸುತ್ತೇನೆ, ಮಾವನ ಫಿಲ್ಮ್ ಹಾಕುವ ಎಂದ.

"ಊಟದ ಹೊತ್ತಿಗೆ ಬೇಡ ಭಾಸ್ಕರಣ್ಣ," ಎಂದೆ. "ಅವರಿಗೆ ಅದೇ ಆಗದೆ ಇದ್ದದ್ದು."

"ಮತ್ತೆ ಯಾವಾಗ ಹಾಕುದು ಹೇಳು? ಊಟದ ಮೊದಲು ಜನ ಬಂದಿರುದಿಲ್ಲ, ಊಟ ಆದ್ಮೇಲೆ ಯಾರೂ ನಿಲ್ಲುದಿಲ್ಲ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಅತ್ತೆಯ ಹತ್ತಿರ ಕೇಳಿದೆ. ಅವರು ಗೋಡೆ ನೋಡುತ್ತಾ, "ಹಾಕ್ಲಿ ಬಿಡು. ಅವರಿಗೆ ಇನ್ನು ಎಂತ ಆಗ್ಲಿಕ್ಕುಂಟು" ಎಂದರು.

ಎಲೆ ಹಾಕಿದರು, ಜನ ಕೂತರು. ಕಿಟಕಿಗಳಿಂದ ಬಿಸಿಲು, ತಲೆಯ ಮೇಲೆ ಫ್ಯಾನುಗಳ ಗರಗರ, ಹೊರಗೆ ಲಾರಿಗಳ ಹಾರ್ನು. ಪರದೆ ಹಾಲ್‌ನ ಒಂದು ತುದಿಯಲ್ಲಿತ್ತು. ಪ್ರವೀಣ ಗೋಡೆ ಬದಿಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಫಿಲ್ಮ್ ಶುರು ಮಾಡಿದ. ನಾನು ಅವನ ಪಕ್ಕದಲ್ಲಿ ನಿಂತಿದ್ದೆ. ಮಾವನ ಮುಖ ಕಂಡಾಗ ಒಂದಿಬ್ಬರು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಪಲ್ಯ ಬಂತು, ಅನ್ನ ಬಂತು. ಮತ್ತೆ ಎಲ್ಲ ಕಡೆ ಮಾತು. ದುಬಾಯಿಯಿಂದ ಯಾರು ಬಂದಿದ್ದಾರೆ, ಪಾಲುಪಟ್ಟಿ ಎಲ್ಲಿಗೆ ಬಂತು, ಪಡುಬಿದ್ರಿಯಲ್ಲಿ ಟ್ರಾಫಿಕ್ ಎಷ್ಟು, ಬಂಗುಡೆ ಮೀನಿಗೆ ಏನು ರೇಟು. "ಸಾರು, ಸಾರು" ಎಂದು ಬಡಿಸುವವರು ಕೂಗುತ್ತಾ ಪಂಕ್ತಿಗಳ ನಡುವೆ ಓಡುತ್ತಿದ್ದರು. ಸತ್ತ ಮೇಲೂ ಮಾವ ಊಟದ ಕೋಣೆಯಲ್ಲಿ ನುಡಿಸುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ.

ಕೊನೆಯ ರಚನೆ ಶುರುವಾಯಿತು, ಆ ನಿಧಾನದ್ದು. ಸ್ವಲ್ಪ ದೂರ ಹೋಗಿತ್ತು. ಆಗ ಶಬ್ದ ನಿಂತಿತು.

ಸ್ಪೀಕರಿನ ವೈರು ಕಳಚಿತು ಎಂದುಕೊಂಡು ಪ್ರವೀಣನನ್ನು ನೋಡಿದೆ. ಅವನು ಬಗ್ಗಿ ವೈರು ಮುಟ್ಟಿ ನೋಡಿದ, ಆಮೇಲೆ ಲ್ಯಾಪ್‌ಟಾಪ್ ನೋಡಿದ, ಆಮೇಲೆ ಪರದೆ ನೋಡಿ ಹಾಗೇ ನಿಂತ. ನಾನೂ ನೋಡಿದೆ. ಚಿತ್ರ ನಿಂತಿರಲಿಲ್ಲ. ಅದರಲ್ಲಿ ಮಾವನ ಹಿಂದಿನ ಕಿಟಕಿಯ ಬಿಳಿ ಪರದೆ ಗಾಳಿಗೆ ಆಡುತ್ತಿತ್ತು. ಮಾವ ಕೈಗಳನ್ನು ಕೀಗಳಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅವರ ಎದೆ ಉಸಿರಿಗೆ ಏರಿಳಿಯುತ್ತಿತ್ತು. ಮುಖವನ್ನು ಹಾಲ್‌ನ ಕಡೆ ತಿರುಗಿಸಿ, ಪಂಕ್ತಿಗಳ ಮೇಲೆ ನಿಧಾನವಾಗಿ ಕಣ್ಣಾಡಿಸುತ್ತಿದ್ದರು.

ಆ ಮುಖದಲ್ಲಿ ಸಿಟ್ಟು ಇರಲಿಲ್ಲ. ಬೇಡಿಕೆಯೂ ಇರಲಿಲ್ಲ. ಬೇರೆಯವರ ಮಾತು ಮುಗಿಯಲಿ ಎಂದು ಬಾಗಿಲಲ್ಲಿ ನಿಂತವರ ಮುಖದ ಹಾಗೆ ಇತ್ತು.

ಇಲ್ಲಿ ಮಾವ ನಿಲ್ಲಿಸುವುದಿಲ್ಲ, ಫಿಲ್ಮಿನಲ್ಲಿ ಇಂಥದ್ದು ಇಲ್ಲ ಎಂದು ನನ್ನ ತಲೆ ಹೇಳುತ್ತಲೇ ಇತ್ತು. ಕಣ್ಣು ಮಾತ್ರ ನೋಡುತ್ತಿತ್ತು. ಅಷ್ಟರಲ್ಲಿ ಹಾಲ್ ಸುಮ್ಮನಾಗತೊಡಗಿತು. ಮೊದಲು ಪರದೆಯ ಹತ್ತಿರದ ಪಂಕ್ತಿ, ಆಮೇಲೆ ಅದರ ಹಿಂದಿನದು. ಯಾರೂ ಯಾರಿಗೂ ಸುಮ್ಮನಿರಿ ಎನ್ನಲಿಲ್ಲ. ಸಾಂಬಾರಿನ ಬಕೆಟು ಹಿಡಿದವನು ಸೌಟು ಎತ್ತಿದಲ್ಲೇ ನಿಂತ. ಅಜ್ಜರೊಬ್ಬರು ತುತ್ತು ಬಾಯಿಗೆ ಒಯ್ಯದೆ ಕೈ ಎಲೆಯ ಮೇಲೆ ಇಟ್ಟರು. ಮಕ್ಕಳು ಸಹ ಸುಮ್ಮನಾದರು. ಫ್ಯಾನಿನ ಶಬ್ದ ಬಿಟ್ಟರೆ ಮತ್ತೇನೂ ಇಲ್ಲ.

ಆಗ ಮಾವ ಕೈ ಎತ್ತಿ ನುಡಿಸತೊಡಗಿದರು. ನಿಲ್ಲಿಸಿದಲ್ಲಿಂದ ಅಲ್ಲ, ಮೊದಲಿಂದ.

ಅದನ್ನು ನಾನು ಹೇಗೆ ಹೇಳಲಿ? ಅದೇ ರಚನೆ. ನಾನು ನೂರು ಸಲ ಕೇಳಿದ್ದು. ಆದರೆ ಕಾರ್ಕಳದಲ್ಲಿ ನೋವಿಗೆ ಅವರ ಎಡಗೈ ಅಲ್ಲಲ್ಲಿ ಹಿಂದೆ ಬೀಳುತ್ತಿತ್ತು. ಈಗ ಬೀಳಲಿಲ್ಲ. ಅಷ್ಟು ಮಾತ್ರ ನಾನು ಖಂಡಿತವಾಗಿ ಹೇಳಬಲ್ಲೆ. ಎಷ್ಟು ಹೊತ್ತು ನಡೆಯಿತು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಇಡೀ ಹಾಲ್ ಕೇಳುತ್ತಿತ್ತು.

"ಪಾಯಸ ಬರ್ಲಿ, ಪಾಯಸ! ಎಂತ ಮಾರ್ರೆ ಎಲ್ಲ ನಿಂತುಬಿಟ್ರಿ?"

ಅಡುಗೆಮನೆಯ ಬಾಗಿಲಿನಿಂದ ಭಾಸ್ಕರಣ್ಣನ ದನಿ. ಅವನು ಒಳಗಿದ್ದ, ಅವನಿಗೆ ಏನೂ ಗೊತ್ತಿರಲಿಲ್ಲ. ಬಕೆಟುಗಳು ಸದ್ದು ಮಾಡಿದವು. ಒಬ್ಬರು ಕೆಮ್ಮಿದರು, ಒಬ್ಬರು ನಕ್ಕರು. ಮಾತು ಹಿಂದಿಗಿಂತ ಜೋರಾಗಿ ಶುರುವಾಯಿತು. ಎಲ್ಲರೂ ಒಟ್ಟಿಗೆ ನಿದ್ದೆಯಿಂದ ಎದ್ದು, ನಿದ್ದೆ ಮಾಡಿದ್ದನ್ನು ಮುಚ್ಚಿಡುವವರಂತೆ ಮಾತಾಡುತ್ತಿದ್ದರು.

ಪರದೆಯ ಮೇಲೆ ಮಾವ ನುಡಿಸುವುದನ್ನು ನಿಲ್ಲಿಸಿದರು. ಪಿಯಾನೊದ ಮುಚ್ಚಳವನ್ನು ಎರಡೂ ಕೈಯಿಂದ ಎಳೆದು ಮುಚ್ಚಿದರು. ಮರಕ್ಕೆ ಮರ ತಾಗಿದ ಸಣ್ಣ ಶಬ್ದ ಸ್ಪೀಕರಿನಲ್ಲಿ ಕೇಳಿಸಿತು. ಆಮೇಲೆ ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು. ಯಾವುದನ್ನೂ ಹಿಡಿದುಕೊಳ್ಳದೆ ಎದ್ದರು. ಬೆನ್ನ ಹಿಂದಿನ ದಿಂಬು ಒಂದು ಜಾರಿ ಬಿತ್ತು. ಅವರು ಬಲಕ್ಕೆ ತಿರುಗಿ, ನೆಟ್ಟಗೆ ನಡೆದು, ಚಿತ್ರದ ಅಂಚಿನಿಂದ ಆಚೆ ಹೋದರು. ಖಾಲಿ ಕುರ್ಚಿ, ಮುಚ್ಚಿದ ಪಿಯಾನೊ, ಕಿಟಕಿಯ ಆಡುವ ಪರದೆ ಸ್ವಲ್ಪ ಹೊತ್ತು ಉಳಿದವು. ಆಮೇಲೆ ಎಲ್ಲ ಕಪ್ಪಾಯಿತು.

ಪ್ರವೀಣ ನನ್ನ ತೋಳು ಹಿಡಿದಿದ್ದ. "ಮೇಡಂ, ಇದು ನಾವು ಶೂಟ್ ಮಾಡಿದ್ದಲ್ಲ," ಎಂದ. ಅಷ್ಟೇ ಹೇಳಿ ಲ್ಯಾಪ್‌ಟಾಪ್ ಮುಚ್ಚಿದ.

ಜನ ಕೈ ತೊಳೆದು ಬಂದರು. "ಎಲ್ಲ ಚೆಂದ ಆಯ್ತು" ಎಂದರು. ಪಾಯಸ ಹೊಗಳಿದರು. ಭಾಸ್ಕರಣ್ಣ ಬೆವರು ಒರೆಸಿಕೊಳ್ಳುತ್ತಾ, "ಮಧ್ಯದಲ್ಲಿ ಒಮ್ಮೆ ನಿಂತಿತಂತೆ ಅಲ್ವಾ? ಕರೆಂಟು ಹೋಯ್ತಾ?" ಎಂದ. ಫ್ಯಾನುಗಳು ತಿರುಗುತ್ತಲೇ ಇದ್ದವು. ಪರದೆಯ ಹತ್ತಿರ ಕೂತಿದ್ದ ಒಬ್ಬಿಬ್ಬರನ್ನು ಮೆಲ್ಲಗೆ ಕೇಳಿದೆ. ಕೊನೆಗೆ ಅವರು ಎದ್ದು ಹೋದದ್ದನ್ನು ನೋಡಿದ್ರಾ ಎಂದೆ. "ಹೌದಾ? ನಾನು ಆಗ ಪಾಯಸಕ್ಕೆ ಎಲೆ ಸರಿ ಮಾಡ್ತಾ ಇದ್ದೆ" ಎಂದರು ಒಬ್ಬರು. ಇನ್ನೊಬ್ಬರು ನನ್ನ ಮುಖವನ್ನೇ ನೋಡಿ, "ನೀನು ಎಂತಾದ್ರೂ ಉಂಡಿದ್ದೀಯಾ ಮಾರಾಯ್ತಿ?" ಎಂದು ಕೇಳಿದರು.

ಅತ್ತೆ ಪಕ್ಕದ ಕೋಣೆಯಲ್ಲಿ, ಬಾಗಿಲಿಗೆ ಎದುರಾಗಿ ಚಾಪೆಯ ಮೇಲೆ ಕೂತಿದ್ದರು. ಅಲ್ಲಿಂದ ಪರದೆ ನೇರ ಕಾಣುತ್ತಿತ್ತು.

"ಅತ್ತೆ, ನೋಡಿದ್ರಾ?"

"ನೋಡಿದೆ."

ಅವರ ಕಣ್ಣಲ್ಲಿ ನೀರು ಇರಲಿಲ್ಲ.

"ಬೊಂಬಾಯಿಯಲ್ಲಿ ಒಂದು ದಿನ ಆದ್ರೂ ಹಾಗೆ ಎದ್ದು ಬರ್ಬೇಕಿತ್ತು," ಎಂದರು. "ಬರ್ಲಿಲ್ಲ. ಇಲ್ಲಿ ಬಂದು ಯಾರಿಗೆ ತೋರಿಸಿದ್ದು?"

ಮುಂದೆ ಈ ವಿಷಯ ಎತ್ತಲು ಅವರು ನನಗೆ ಅವಕಾಶ ಕೊಡಲಿಲ್ಲ. ಕೇಳಿದಾಗಲೆಲ್ಲ ಏನಾದರೂ ಕೆಲಸ ನೆನಪಾಗಿ ಏಳುತ್ತಿದ್ದರು.

ಅದೇ ಸಂಜೆ ನಾನೂ ಪ್ರವೀಣನೂ ಅಲೆವೂರಿನ ಸ್ಟುಡಿಯೊದಲ್ಲಿ ಕೂತು ಆ ಫಿಲ್ಮನ್ನು ಮೊದಲಿಂದ ಕೊನೆಯವರೆಗೆ ನೋಡಿದೆವು. ಎಲ್ಲೂ ನಿಲ್ಲುವುದಿಲ್ಲ. ಮಾವ ಕೊನೆಯವರೆಗೂ ನುಡಿಸುತ್ತಾರೆ, ಎಡಗೈ ಅಲ್ಲಲ್ಲಿ ಹಿಂದೆ ಬೀಳುತ್ತದೆ, ಕೈಗಳು ಕೀಗಳ ಮೇಲೆಯೇ ಉಳಿಯುತ್ತವೆ, ತಲೆ ಬಾಗುತ್ತದೆ, ಕಪ್ಪಾಗುತ್ತದೆ. ಸಂಕಲನಕ್ಕೆ ಮೊದಲಿನ ಚಿತ್ರಣವನ್ನೂ ತೆಗೆಸಿ ನೋಡಿದೆ. ಕೊನೆಯಲ್ಲಿ ನಾನೂ ಪ್ರವೀಣನೂ ಬಂದು ಅವರ ಕಂಕುಳಿಗೆ ಕೈ ಹಾಕಿ ಎತ್ತುವುದು ಅದರಲ್ಲಿ ಉಂಟು. ದಿಂಬು ಬೀಳುವುದಿಲ್ಲ.

ಕೆಲವು ವಾರ ಕಳೆದ ಮೇಲೆ ಪ್ರವೀಣ, "ಲ್ಯಾಪ್‌ಟಾಪ್ ಹ್ಯಾಂಗ್ ಆಗಿತ್ತು ಮೇಡಂ, ಹಳೇದಲ್ವಾ" ಎಂದ. ನೀನು ಆವತ್ತು ಏನು ಹೇಳಿದ್ದೆ ಎಂದು ಕೇಳಿದರೆ, "ನಾನಾ? ನೆನಪಿಲ್ಲ ಮೇಡಂ" ಎಂದ. ಅವನಿಗೆ ಆಗ ಮದುವೆ ಸೀಸನ್. ಇಂಥ ಮಾತು ಹರಡಿದರೆ ಯಾರು ಅವನನ್ನು ಮದುವೆಗೆ ಕರೆಯುತ್ತಾರೆ? ನಾನು ಒತ್ತಾಯ ಮಾಡಲಿಲ್ಲ. ಈಗ ದಾರಿಯಲ್ಲಿ ಸಿಕ್ಕಿದರೆ ಅವನು ಹೆಲ್ಮೆಟ್ ತೆಗೆಯದೆ ಕೈಬೀಸಿ ಹೋಗುತ್ತಾನೆ.

ಇನ್ನೊಂದು ಸಂಗತಿ ಉಂಟು. ನಮ್ಮ ಸಂಬಂಧಿ ಹೆಂಗಸೊಬ್ಬಳು ದುಬಾಯಿಯಲ್ಲಿರುವ ಗಂಡನಿಗೆ ತೋರಿಸಲೆಂದು ಆ ಪಂಕ್ತಿಯನ್ನು ಮೊಬೈಲಿನಲ್ಲಿ ಹಿಡಿದಿದ್ದಳು. ಅದು ಕುಟುಂಬದ ವಾಟ್ಸಾಪ್ ಗುಂಪಿಗೆ ಬಂತು. ಪರದೆ ಅದರಲ್ಲಿ ಬಿಸಿಲಿನ ಹೊಳಪಿಗೆ ಬರೀ ಬಿಳಿ ಚೌಕ, ಏನೂ ಕಾಣುವುದಿಲ್ಲ. ಆದರೆ ಶಬ್ದ ಉಂಟು. ಮಾತು, ಪಾತ್ರೆ, ಅದರ ಅಡಿಯಲ್ಲಿ ಪಿಯಾನೊ. ಪಿಯಾನೊ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಮಾತೂ ನಿಲ್ಲುತ್ತದೆ. ಅವಳು ಮೊಬೈಲನ್ನು ನಿಧಾನವಾಗಿ ಆ ಕಡೆಯಿಂದ ಈ ಕಡೆಗೆ ತಿರುಗಿಸುತ್ತಾಳೆ. ಎಲೆಯ ಮುಂದೆ ಕೂತ ಅಷ್ಟೂ ಜನ ಕೈ ಆಡಿಸದೆ, ತಲೆ ಎತ್ತಿ ಒಂದೇ ಕಡೆ ನೋಡುತ್ತಿದ್ದಾರೆ. ಫ್ಯಾನಿನ ಸದ್ದು ಕೇಳಿಸುತ್ತದೆ. ಪಿಯಾನೊ ಕೇಳಿಸುವುದಿಲ್ಲ. ನಾವೆಲ್ಲ ಕೇಳುತ್ತಿದ್ದ ಹೊತ್ತಿನಲ್ಲಿ ಆ ಮೊಬೈಲಿಗೆ ಏನೂ ಕೇಳಿಸಿಲ್ಲ. ಆಮೇಲೆ "ಪಾಯಸ ಬರ್ಲಿ" ಎಂಬ ಕೂಗು.

ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ. ನಿದ್ದೆಯಿಲ್ಲದ ದಿನಗಳು, ಖಾಲಿ ಹೊಟ್ಟೆ, ದುಃಖ, ಸಿಟ್ಟು, ಇವೆಲ್ಲ ಸೇರಿದರೆ ಮನುಷ್ಯನ ಮೆದುಳು ಏನನ್ನಾದರೂ ಕಟ್ಟಿಕೊಳ್ಳುತ್ತದೆ ಎಂದು ನನಗೆ ಗೊತ್ತು. ಬೇರೆ ಯಾರಾದರೂ ಬಂದು ಹೀಗಾಯಿತು ಎಂದು ಹೇಳಿದ್ದರೆ ನಾನೇ ಅವರಿಗೆ ಇದನ್ನು ವಿವರಿಸಿ, ನಾಲ್ಕು ದಿನ ರಜೆ ಹಾಕಿ ಮಲಗಿ ಎನ್ನುತ್ತಿದ್ದೆ. ಆದರೆ ಆ ಜನ ಏನನ್ನು ಕೇಳುತ್ತಾ ಕೂತಿದ್ದರು? ಕೇಳಿದರೆ ಯಾರಿಗೂ ನೆನಪಿಲ್ಲ. ಫಿಲ್ಮ್ ನಿಂತಿತು, ನಾವು ನೋಡಿದೆವು, ಮತ್ತೆ ಪಾಯಸ ಬಂತು, ಅಷ್ಟೇ ಎನ್ನುತ್ತಾರೆ.

ಭಾಸ್ಕರಣ್ಣ ಆ ಫಿಲ್ಮನ್ನು ಸಂಘದ ಯೂಟ್ಯೂಬ್ ಚಾನೆಲ್ಲಿಗೆ ಹಾಕಿದ್ದಾನೆ. ಮೊದಲಿಗೆ ಅವನ ಕೇಟರಿಂಗಿನ ಜಾಹೀರಾತು ಬರುತ್ತದೆ. ನೋಡಿದವರು ಬೆರಳೆಣಿಕೆ.

ನನ್ನನ್ನು ಕಾಡುವುದು ಅವರು ಎದ್ದು ಹೋದದ್ದಲ್ಲ. ಎದ್ದು ಹೋಗಲಿ, ಅವರಿಗೆ ಅಷ್ಟು ಹಕ್ಕಿತ್ತು. ಏಳುವ ಮೊದಲು ಅವರು ಮತ್ತೊಮ್ಮೆ ಹಾಲ್‌ನ ಕಡೆ ಕಣ್ಣಾಡಿಸಿದರು, ಯಾರಾದರೂ ಇನ್ನೂ ಕೇಳುತ್ತಿದ್ದಾರೋ ಎಂದು ಹುಡುಕುವಂತೆ. ಒಂದೊಂದೇ ಪಂಕ್ತಿ ನೋಡಿದರು. ನಾನು ಗೋಡೆ ಬದಿಯಲ್ಲಿ ನಿಂತಿದ್ದೆ. ನನ್ನ ಮುಂದೆ ಎಲೆ ಇರಲಿಲ್ಲ, ಯಾರ ಹತ್ತಿರವೂ ಮಾತಾಡದೆ ನಾನು ಕೇಳುತ್ತಲೇ ಇದ್ದೆ. ಮಾವ, ನಾನಿದ್ದೇನೆ ಎಂದು ಕೂಗಬೇಕೆನಿಸಿತು, ಕೂಗಲಿಲ್ಲ. ಅವರ ಕಣ್ಣು ನನ್ನ ಪಕ್ಕದ ಪ್ರವೀಣನವರೆಗೆ ಬಂತು. ನನ್ನ ಆಚೆಗಿನ ಕಿಟಕಿಗೆ ಹೋಯಿತು. ನನ್ನ ಮೇಲೆ ನಿಲ್ಲಲಿಲ್ಲ. ಅಲ್ಲಿ ಯಾರೂ ಇಲ್ಲ ಎಂಬಂತೆ ದಾಟಿಹೋಯಿತು. ಯಾಕೆ ಹಾಗಾಯಿತು ಎಂದು ನನಗೆ ಇವತ್ತಿಗೂ ತಿಳಿದಿಲ್ಲ.